ಹಳೇ ಪ್ಲಾನ್ ನಿಂತಾಗ ‘ಸರಿ, ಹಾಕಿ’ ಎನ್ನುವ ಮುನ್ನ

ತಿಂಗಳ 26ನೇ ತಾರೀಖು, ರಾತ್ರಿ ಎಂಟರ ಹೊತ್ತಿಗೆ, ನಮಗೆ ಇಂಟರ್ನೆಟ್ ಕೊಡುವ ಕೇಬಲ್‌ನವರಿಂದ ವಾಟ್ಸ್‌ಆ್ಯಪ್‌ನಲ್ಲಿ ಎರಡು ಸಾಲು ಬಂತು. ‘ಹಳೆಯ ಪ್ಲಾನ್‌ಗಳು ಇನ್ನು ಇರುವುದಿಲ್ಲ. ಒಂದನೇ ತಾರೀಖಿನೊಳಗೆ ಹೊಸ ಪ್ಲಾನ್‌ಗೆ ಬದಲಾಯಿಸಿಕೊಳ್ಳಿ.’ ಹೊಸ ದರ ಎಷ್ಟು ಎಂದಿರಲಿಲ್ಲ, ಯಾಕೆ ಎಂದಿರಲಿಲ್ಲ, ಯಾರನ್ನು ಕೇಳಬೇಕು ಎಂದೂ ಇರಲಿಲ್ಲ. ಊರಿಗಾಂನ ನಮ್ಮ ಬೀದಿಯಲ್ಲಿ ಆ ಒಬ್ಬರ ಲೈನನ್ನೇ ನಂಬಿಕೊಂಡಿದ್ದ ಮನೆಗಳು ಇಪ್ಪತ್ತಕ್ಕೂ ಹೆಚ್ಚು. ಬೆಳಗಾಗುವುದರೊಳಗೆ ಅರ್ಧ ಬೀದಿ ‘ಸರಿ, ಹಾಕಿ’ ಎಂದು ಉತ್ತರಿಸಿಯಾಗಿತ್ತು. ನಾನೂ ಹಾಗೇ ಬರೆದೆ. ಮುಂಗಡ ಕಟ್ಟಿದ್ದ ಮೂರು ತಿಂಗಳಲ್ಲಿ ಉಳಿದಿದ್ದ ಒಂದೂವರೆ ತಿಂಗಳ ದುಡ್ಡು ಅದರೊಂದಿಗೆ ಹೋಯಿತು. ಕೇಳಿದಾಗ ಬಂದ ಉತ್ತರ: ‘ನೀವೇ ಒಪ್ಪಿದ್ದೀರಲ್ಲ.’

ಅದು ನಿಜವೇ ಆಗಿತ್ತು. ಹಾಗಾಗಿ ಆ ಸಂದೇಶಕ್ಕೂ ನಮ್ಮ ‘ಸರಿ’ಗೂ ನಡುವೆ ಇರುವ ನಾಲ್ಕೈದು ದಿನಗಳಲ್ಲಿ ಏನು ಮಾಡಬಹುದಿತ್ತು ಎಂಬುದನ್ನು ಆಮೇಲೆ ಕೇಳಿ, ಓದಿ, ಓಡಾಡಿ ತಿಳಿದುಕೊಂಡೆ. ಅದೇ ಇಲ್ಲಿದೆ.

ಕೊಡುತ್ತಿದ್ದವರು ಕೈಯೆತ್ತಿಬಿಟ್ಟರೆ ಏನಾಗುತ್ತದೆ ಎಂಬುದನ್ನು ಕೋಲಾರದ ಚಿನ್ನದ ಗಣಿಗಳ ಊರಾದ ನಮ್ಮ ಕೆಜಿಎಫ್‌ನವರಿಗೆ ಯಾರೂ ಹೇಳಿಕೊಡಬೇಕಿಲ್ಲ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಇಲ್ಲಿನ ಗಣಿಗಳಿಗೆ ಕರೆಂಟು ತಂದರು. ಬೆಂಗಳೂರಿನ ಬೀದಿಗಳಲ್ಲಿ ದೀಪ ಹತ್ತಿದ್ದು ಮೂರು ವರ್ಷ ಕಳೆದ ಮೇಲೆ, 1905ರಲ್ಲಿ. ಕಾರ್ಮಿಕರ ಲೈನ್ ಮನೆ, ನೀರು, ಆಸ್ಪತ್ರೆ ಎಲ್ಲಕ್ಕೂ ಗಣಿ ಕಂಪನಿಯೇ ದಿಕ್ಕು. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿದಾಗ ಸಂಬಳದ ಹಿಂದೆಯೇ ಆ ದಿಕ್ಕೂ ತಪ್ಪಿತು. ಆಮೇಲೆ ಊರು ನಿಂತದ್ದು ರೈಲಿನ ಮೇಲೆ. ಮಾರಿಕುಪ್ಪಂನಿಂದ ಹೊರಟು ಚಾಂಪಿಯನ್, ಊರಿಗಾಂ, ಕೋರಮಂಡಲ್ ದಾಟಿ ಬಂಗಾರಪೇಟೆ, ಅಲ್ಲಿಂದ ಬೆಂಗಳೂರು. 2020ರ ನಂತರ ಅದೇ ರೈಲಿನ ಕೆಲವರು ಮನೆಯಲ್ಲೇ ಕೂತು ಕೆಲಸ ಮಾಡುವಂತಾಯಿತು. ಅಂಥ ಮನೆಯಲ್ಲಿ ಲೈನ್ ಒಂದು ದಿನ ಹೋದರೆ ಆ ದಿನದ ಕೂಲಿಯೇ ಹೋದಂತೆ.

ನಿಂತದ್ದು ದರವೋ, ತಂತಿಯೋ, ಅಂಗಡಿಯೋ?

ಮೊದಲು ಕೇಳಬೇಕಾದದ್ದು ಇದು. ಮೂರಕ್ಕೂ ‘ಹಳೇದು ಇಲ್ಲ’ ಎಂಬ ಒಂದೇ ಮಾತು ಹೇಳುತ್ತಾರೆ. ಆದರೆ ಒಂದೊಂದಕ್ಕೂ ನಾವು ಮಾಡಬೇಕಾದ ಕೆಲಸ ಬೇರೆ.

ತಂತಿ ಅದೇ, ಮೋಡೆಮ್ ಡಬ್ಬ ಅದೇ, 350 ರೂಪಾಯಿಯದು ತೆಗೆದು 500ರದು ಹಾಕಿದ್ದಾರೆ ಎಂದರೆ ನಿಂತದ್ದು ದರ ಮಾತ್ರ. ಇಲ್ಲಿ ಮಾತಿಗೆ ಜಾಗ ಇದೆ. ಪಟ್ಟಿಯ ಅತಿ ಕಡಿಮೆ ಪ್ಲಾನನ್ನು ಯಾರೂ ತಾವಾಗಿ ತೋರಿಸುವುದಿಲ್ಲ. ‘ಇದಕ್ಕಿಂತ ಕಡಿಮೆಯದು ಯಾವುದಿದೆ’ ಎಂದು ನಾವೇ ಕೇಳಬೇಕು. ಹೇಳುವ ದರದ ಮೇಲೆ ಶೇ 18 ಜಿಎಸ್‌ಟಿ ಬೀಳುತ್ತದೆ ಎಂಬುದನ್ನೂ ಮರೆಯಬಾರದು. 500 ಎಂದದ್ದು ಕೈಯಿಂದ ಹೋಗುವಾಗ 590.

ಎರಡನೆಯದು ತಂತಿ. ಸಣ್ಣ ಕೇಬಲ್‌ನವರು ಹದಿನೈದು ವರ್ಷದ ಹಿಂದೆ ಬೀದಿಗೆ ಇಂಟರ್ನೆಟ್ ತಂದ ಬಗೆ ನೆನಪಿರಬಹುದು. ಕಂಬದಿಂದ ಕಂಬಕ್ಕೆ ನೀಲಿ ಅಥವಾ ಬೂದು ಬಣ್ಣದ ಲ್ಯಾನ್ ಕೇಬಲ್, ನಡುನಡುವೆ ಒಂದು ತಗಡಿನ ಪೆಟ್ಟಿಗೆ, ಅದರೊಳಗೊಂದು ಸ್ವಿಚ್, ಆ ಸ್ವಿಚ್ಚಿಗೆ ಯಾವುದೋ ಮನೆಯಿಂದ ಕರೆಂಟು. ಲ್ಯಾನ್ ಕೇಬಲ್ಲಿನ ಓಟ ನೂರು ಮೀಟರ್ ಅಷ್ಟೇ. ಹಾಗಾಗಿ ನೂರು ಮೀಟರಿಗೊಂದು ಪೆಟ್ಟಿಗೆ ಬೇಕು. ಕರೆಂಟು ಕೊಟ್ಟ ಮನೆಯವರು ಬೀಗ ಹಾಕಿಕೊಂಡು ಊರಿಗೆ ಹೋದರೆ ಮುಂದಿನ ಹತ್ತು ಮನೆಗೆ ಲೈನ್ ಇಲ್ಲ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ತಾಮ್ರದ ತಂತಿಯಲ್ಲಿ ಸಿಡಿಲಿನ ಹೊಡೆತ ಹರಿದು ಸ್ವಿಚ್ಚಿನ ಪೋರ್ಟುಗಳೆಲ್ಲ ಸುಟ್ಟುಹೋಗುತ್ತಿದ್ದವು. ಫೈಬರ್‌ನ ಗಾಜಿನೆಳೆಗೆ ಈ ಎರಡು ಕಾಟವೂ ಇಲ್ಲ. ದಾರಿಯಲ್ಲಿ ಅದನ್ನು ಕವಲೊಡೆಸುವ ಸ್ಪ್ಲಿಟರ್‌ಗೆ ಕರೆಂಟೇ ಬೇಡ. ಹಾಗಾಗಿಯೇ ಹಳೆಯ ತಂತಿ ತೆಗೆದು ಫೈಬರ್ ಹಾಕುತ್ತಾರೆ. ಮನೆ ಮಾಡಿನ ಮೇಲೆ ಡಿಶ್ ಇಟ್ಟು ದೂರದ ಗೋಪುರದಿಂದ ಸಿಗ್ನಲ್ ಹಿಡಿಯುತ್ತಿದ್ದ ವೈರ್‌ಲೆಸ್ ಲೈನುಗಳದ್ದೂ ಇದೇ ಕಥೆ. ನಡುವೆ ಎರಡಂತಸ್ತಿನ ಮನೆ ಎದ್ದರೆ ಮುಗಿಯಿತು.

ಬಿಎಸ್‌ಎನ್‌ಎಲ್‌ನ ತಾಮ್ರದ ಲೈನೂ ಈ ಸಾಲಿನದೇ. 2005ರಲ್ಲಿ ಆ ಸಂಸ್ಥೆ ಬ್ರಾಡ್‌ಬ್ಯಾಂಡ್ ಶುರು ಮಾಡಿದಾಗ ಫೋನ್ ತಂತಿಯಲ್ಲೇ ಇಂಟರ್ನೆಟ್ ಬರುವುದು ಬೆರಗಿನ ವಿಷಯವಾಗಿತ್ತು. ಆ ಕಾಲದ ನೀತಿಯ ಪ್ರಕಾರ 256 ಕೆಬಿಪಿಎಸ್ ಇದ್ದರೆ ಅದು ಬ್ರಾಡ್‌ಬ್ಯಾಂಡ್. 2023ರ ಜನವರಿಯಲ್ಲಿ ಸರ್ಕಾರ ಆ ಗೆರೆಯನ್ನು 2 ಎಂಬಿಪಿಎಸ್‌ಗೆ ಏರಿಸಿತು. ಫೋನ್ ತಂತಿಯಲ್ಲಿ ಎಕ್ಸ್‌ಚೇಂಜಿನಿಂದ ಮೂರು ನಾಲ್ಕು ಕಿಲೋಮೀಟರ್ ದೂರ ಹೋದರೆ ವೇಗ ಕುಸಿಯುತ್ತದೆ. ನೆಲದೊಳಗಿನ ಕೇಬಲ್ ಕೊಳೆತರೆ, ಕಳ್ಳತನವಾದರೆ ಸರಿಪಡಿಸುವ ಕೈಗಳೂ ಈಗ ಕಡಿಮೆ. 2020ರ ಜನವರಿ 31ರಂದು ಒಂದೇ ದಿನ 78 ಸಾವಿರಕ್ಕೂ ಹೆಚ್ಚು ಬಿಎಸ್‌ಎನ್‌ಎಲ್ ನೌಕರರು ಸ್ವಯಂ ನಿವೃತ್ತಿ ಪಡೆದರು. ಆ ಸಂಸ್ಥೆಯೂ ಹಳೆಯ ಗ್ರಾಹಕರನ್ನು ಫೈಬರ್‌ಗೆ ಸಾಗಿಸುತ್ತಿದೆ, ಹೆಚ್ಚಿನ ಕಡೆ ಸ್ಥಳೀಯ ಪಾಲುದಾರರ ಮೂಲಕ.

ತಂತಿಯೇ ನಿಂತಾಗ ‘ಹಳೇದನ್ನೇ ಕೊಡಿ’ ಎಂದು ಹಟ ಹಿಡಿಯುವುದರಲ್ಲಿ ಅರ್ಥವಿಲ್ಲ ಎಂದು ನನಗೆ ಅನಿಸುತ್ತದೆ. ಅದಕ್ಕೆ ಬಳಸುವ ಶಕ್ತಿಯನ್ನು ಬದಲಾವಣೆಯ ಖರ್ಚು ಯಾರದು ಎಂಬುದರ ಮೇಲೆ ಇಡಬೇಕು. ಅವರ ಅನುಕೂಲಕ್ಕೆ ಅವರು ತಂತಿ ಬದಲಿಸುವಾಗ ಹೊಸ ಡಬ್ಬದ ಹಣ, ಅಳವಡಿಕೆಯ ಹಣ ನಾವೇಕೆ ಕೊಡಬೇಕು? ಇದನ್ನು ಕೇಳಿದವರಿಗೆ ಎಷ್ಟೋ ಸಲ ಬಿಟ್ಟುಕೊಡುತ್ತಾರೆ. ಕೇಳದವರಿಗೆ ಬಿಲ್ ಬರುತ್ತದೆ.

ಮೂರನೆಯದು ಅಂಗಡಿಯೇ ಕೈ ಬದಲಾಗುವುದು. ಸಣ್ಣವರು ತಮ್ಮ ಗ್ರಾಹಕರನ್ನು ದೊಡ್ಡ ಕಂಪನಿಗೆ ಒಪ್ಪಿಸಿಬಿಡುತ್ತಾರೆ. ಇಲ್ಲಿ ಒಂದು ವಿಷಯ ತಿಳಿದಿರಬೇಕು. ಮನೆಗೆ ಬಂದು ದುಡ್ಡು ಪಡೆಯುವವರ ಬಳಿ ಇಂಟರ್ನೆಟ್ ಲೈಸೆನ್ಸ್ ಇರುತ್ತದೆ ಎಂದೇನೂ ಇಲ್ಲ. ದೂರಸಂಪರ್ಕ ಇಲಾಖೆ ಕೊಡುವ ಲೈಸೆನ್ಸಿನಲ್ಲಿ ಮೂರು ದರ್ಜೆ: ‘ಎ’ ಇಡೀ ದೇಶಕ್ಕೆ, ‘ಬಿ’ ಒಂದು ಟೆಲಿಕಾಂ ವೃತ್ತಕ್ಕೆ, ‘ಸಿ’ ಹೆಚ್ಚುಕಡಿಮೆ ಜಿಲ್ಲೆಯಷ್ಟು ಜಾಗಕ್ಕೆ. ಬೀದಿಯ ಕೇಬಲ್‌ನವರು ಬಹುಪಾಲು ಇಂಥ ಯಾವುದೋ ಕಂಪನಿಯ ಫ್ರಾಂಚೈಸಿ. ಬಿಲ್ಲಿನಲ್ಲಿ ಜಿಎಸ್‌ಟಿ ಸಂಖ್ಯೆಯ ಪಕ್ಕ ಅಚ್ಚಾಗಿರುವ ಹೆಸರೇ ಕಾನೂನಿನ ಕಣ್ಣಲ್ಲಿ ನಿಮ್ಮ ಕಂಪನಿ. ಬಿಲ್ಲೇ ಕೊಡುವುದಿಲ್ಲ, ಬರೀ ಗೂಗಲ್ ಪೇ ನಂಬರ್ ಕೊಡುತ್ತಾರೆ ಎಂದಾದರೆ ಇವತ್ತೇ ಬಿಲ್ ಕೇಳಿ. ಜಗಳ ಶುರುವಾದ ಮೇಲೆ ಅದು ಸಿಗುವುದಿಲ್ಲ. ಲೈಸೆನ್ಸನ್ನೇ ಒಪ್ಪಿಸಿ ಹೊರಟುಹೋಗುವ ಕಂಪನಿ ಪ್ರತಿಯೊಬ್ಬ ಗ್ರಾಹಕನಿಗೂ 30 ದಿನ ಮುಂಚಿತವಾಗಿ ತಿಳಿಸಬೇಕು ಎಂಬುದು ಲೈಸೆನ್ಸ್ ಕರಾರಿನಲ್ಲೇ ಇದೆ. ನಾಲ್ಕು ದಿನದ ವಾಟ್ಸ್‌ಆ್ಯಪ್ ಸಂದೇಶ ಆ ಲೆಕ್ಕಕ್ಕೆ ಬರುವುದಿಲ್ಲ.

ಫೋನ್ ನಂಬರ್ ಮತ್ತು ಕರೆಂಟು

ನಮ್ಮ ಕಡೆ ವಯಸ್ಸಾದವರ ಮನೆಯಲ್ಲಿ ಇಂಟರ್ನೆಟ್ ವೇಗಕ್ಕಿಂತ ದೊಡ್ಡ ಚಿಂತೆ ಲ್ಯಾಂಡ್‌ಲೈನ್ ನಂಬರಿನದು. 08153ರಿಂದ ಶುರುವಾಗುವ ಆ ನಂಬರು ಗಣಿಯಲ್ಲಿ ದುಡಿದ ಅಪ್ಪಂದಿರ ಪಿಂಚಣಿ ಕಾಗದದಲ್ಲಿ, ಬ್ಯಾಂಕಿನಲ್ಲಿ, ಹೊರದೇಶದ ಮಕ್ಕಳ ನೆನಪಿನಲ್ಲಿ ಕೂತಿದೆ. ಮೊಬೈಲಿನ ಹಾಗೆ ಲ್ಯಾಂಡ್‌ಲೈನ್ ನಂಬರನ್ನು ಒಂದು ಕಂಪನಿಯಿಂದ ಇನ್ನೊಂದಕ್ಕೆ ಪೋರ್ಟ್ ಮಾಡಿಸುವ ವ್ಯವಸ್ಥೆ ಇಲ್ಲ. ಆದರೆ ಬಿಎಸ್‌ಎನ್‌ಎಲ್‌ನಲ್ಲೇ ತಾಮ್ರದಿಂದ ಫೈಬರ್‌ಗೆ ಹೋಗುವಾಗ ಹಳೆಯ ನಂಬರನ್ನೇ ಉಳಿಸಿಕೊಳ್ಳಬಹುದು. ಎಡವುವುದು ಇಲ್ಲೇ. ‘ಹೊಸ ಕನೆಕ್ಷನ್’ ಎಂದು ಅರ್ಜಿ ಬರೆದರೆ ಹೊಸ ನಂಬರ್ ಬರುತ್ತದೆ. ‘ಇರುವ ಕನೆಕ್ಷನ್ನನ್ನು ಫೈಬರ್‌ಗೆ ಬದಲಿಸಿ’ ಎಂದು ಬರೆಯಬೇಕು. ಹೊಸ ಲೈನಿನಲ್ಲಿ ಹಳೆಯ ನಂಬರ್ ರಿಂಗಾಗುವುದನ್ನು ಕಿವಿಯಾರೆ ಕೇಳುವವರೆಗೆ ಹಳೆಯದನ್ನು ರದ್ದು ಮಾಡಿಸಬೇಡಿ.

ಹಳೆಯ ಫೋನಿಗೆ ಇನ್ನೊಂದು ಗುಣವಿತ್ತು. ಮನೆಯಲ್ಲಿ ಕರೆಂಟು ಹೋದರೂ ಅದು ಮಾತಾಡುತ್ತಿತ್ತು. ಎಕ್ಸ್‌ಚೇಂಜಿನ ಬ್ಯಾಟರಿಯಿಂದ 48 ವೋಲ್ಟ್ ಅದೇ ತಂತಿಯಲ್ಲಿ ಹರಿದು ಬರುತ್ತಿದ್ದುದರಿಂದ. ಗಾಜಿನೆಳೆಯಲ್ಲಿ ಕರೆಂಟು ಹರಿಯುವುದಿಲ್ಲ. ಬೆಸ್ಕಾಂ ಕರೆಂಟು ಹೋದ ಗಳಿಗೆಯಲ್ಲೇ ಫೈಬರ್ ಡಬ್ಬ ಆರಿಹೋಗುತ್ತದೆ, ಅದರ ಜೊತೆಗೆ ಫೋನೂ. ಒಂಟಿಯಾಗಿರುವ ಹಿರಿಯರ ಮನೆಗೆ ಫೈಬರ್ ಹಾಕಿಸುವವರು ಅದೇ ದಿನ ರೂಟರ್ ಯುಪಿಎಸ್ ಒಂದನ್ನೂ ತಂದಿಡಬೇಕು. ಎರಡು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತದೆ. ಕೊಳ್ಳುವ ಮುಂಚೆ ಡಬ್ಬದ ಅಡಾಪ್ಟರ್ ಮೇಲೆ ಬರೆದಿರುವುದನ್ನು ನೋಡಿ. ಸಾಮಾನ್ಯವಾಗಿ 12 ವೋಲ್ಟ್, 1 ಆಂಪಿಯರ್ ಅಥವಾ 2 ಇರುತ್ತದೆ. ಯುಪಿಎಸ್‌ನ ವೋಲ್ಟ್ ಅದಕ್ಕೆ ಸರಿಯಾಗಿರಲಿ, ಆಂಪಿಯರ್ ಅದಕ್ಕಿಂತ ಕಡಿಮೆ ಇರಬಾರದು. ಫೈಬರ್ ಡಬ್ಬ ಬೇರೆ, ವೈಫೈ ರೂಟರ್ ಬೇರೆ ಇದ್ದರೆ ಎರಡಕ್ಕೂ ಆಗುವಂಥದು ಬೇಕು. ನಿಮ್ಮ ಮನೆಯಲ್ಲಿ ಯುಪಿಎಸ್ ಇದ್ದೂ ಕೇಬಲ್‌ನವರ ಕಚೇರಿಯಲ್ಲಿ ಬ್ಯಾಟರಿ ಇಲ್ಲದಿದ್ದರೆ ಪ್ರಯೋಜನವಿಲ್ಲ. ಅದನ್ನೂ ಒಂದು ಮಾತು ಕೇಳಿ ನೋಡಿ.

ಒಪ್ಪುವ ಮುಂಚೆ

ಹೊಸ ಡಬ್ಬ ನಮ್ಮದೋ, ಅವರದೋ? ಅವರದಾದರೆ ಠೇವಣಿ ಎಷ್ಟು, ಲೈನ್ ಬಿಡುವಾಗ ವಾಪಸ್ ಬರುತ್ತದೆಯೇ? ‘ಅನ್‌ಲಿಮಿಟೆಡ್’ ಎಂದರೆ ಎಷ್ಟು ಜಿಬಿ ದಾಟಿದ ಮೇಲೆ ವೇಗ ಇಳಿಯುತ್ತದೆ, ಎಷ್ಟಕ್ಕೆ ಇಳಿಯುತ್ತದೆ? ಅಪ್‌ಲೋಡ್ ವೇಗ ಎಷ್ಟು? ಮನೆಯಿಂದ ಕೆಲಸ ಮಾಡುವವರಿಗೆ, ಆನ್‌ಲೈನ್ ಪಾಠ ಹೇಳುವವರಿಗೆ ಡೌನ್‌ಲೋಡ್‌ಗಿಂತ ಅದೇ ಮುಖ್ಯ, ಅದನ್ನು ಪಟ್ಟಿಯಲ್ಲಿ ಬರೆಯುವವರು ಕಡಿಮೆ.

ಕ್ಯಾಮೆರಾ ಹಾಕಿಸಿಕೊಂಡವರು, ಅಂಗಡಿಯ ಬಿಲ್ಲಿಂಗ್ ಯಂತ್ರ ದೂರದಿಂದ ನೋಡುವವರು ಇನ್ನೊಂದು ಪ್ರಶ್ನೆ ಸೇರಿಸಿ: ನನಗೆ ಪಬ್ಲಿಕ್ ಐಪಿ ಸಿಗುತ್ತದೆಯೇ? ಹೊಸ ಪ್ಲಾನ್‌ಗಳಲ್ಲಿ ಒಂದೇ ಐಪಿ ವಿಳಾಸವನ್ನು ಬಹಳ ಮನೆಗಳಿಗೆ ಹಂಚುವುದು ಸಾಮಾನ್ಯ. ಹಾಗಾದಾಗ ಹಳೆಯ ಬಗೆಯ ಕ್ಯಾಮೆರಾ ಪೆಟ್ಟಿಗೆಗಳು ಹೊರಗಿನಿಂದ ತೆರೆಯುವುದಿಲ್ಲ. ಬಂಗಾರಪೇಟೆಯಲ್ಲಿ ಅಂಗಡಿ, ಊರಿಗಾಂನಲ್ಲಿ ಮನೆ ಇಟ್ಟುಕೊಂಡವರಿಗೆ ಇದು ಸಣ್ಣ ತೊಂದರೆಯಲ್ಲ.

ವರ್ಷದ ಹಣ ಒಟ್ಟಿಗೆ ಕಟ್ಟಿದರೆ ಎರಡು ತಿಂಗಳು ಉಚಿತ ಎಂಬ ಆಸೆ ತೋರಿಸುತ್ತಾರೆ. ಈಗಷ್ಟೇ ಹಳೆಯ ಪ್ಲಾನನ್ನು ನಾಲ್ಕು ದಿನದಲ್ಲಿ ನಿಲ್ಲಿಸಿದವರ ಕೈಗೆ ಒಂದು ವರ್ಷದ ದುಡ್ಡು ಕೊಡಬೇಡಿ. ಮೊದಲ ಮೂರು ತಿಂಗಳು ತಿಂಗಳ ಲೆಕ್ಕದಲ್ಲೇ ಇರಲಿ.

ಬೇರೆ ಕಡೆ ಹೋಗುವ ಯೋಚನೆ ಇದ್ದರೆ ಜಾಹೀರಾತು ನೋಡಬೇಡಿ, ಎದುರು ಮನೆಯವರನ್ನು ಕೇಳಿ. ಅವರ ಮನೆಯಲ್ಲಿ ರಾತ್ರಿ ಎಂಟರಿಂದ ಹತ್ತರೊಳಗೆ ವೇಗ ಅಳೆದು ನೋಡಿ. ಎಲ್ಲರೂ ಟಿವಿ ಮುಂದೆ ಕೂತ ಹೊತ್ತಿನಲ್ಲಿ ಬರುವ ವೇಗವೇ ನಿಜವಾದ ವೇಗ. ಜಿಯೋ, ಏರ್‌ಟೆಲ್ 2023ರಲ್ಲಿ ಶುರು ಮಾಡಿದ ಏರ್‌ಫೈಬರ್ ಸೇವೆಯ ಹೆಸರಲ್ಲಿ ಫೈಬರ್ ಇದ್ದರೂ ಮನೆಗೆ ಬರುವುದು 5ಜಿ ರೇಡಿಯೋ ಸಿಗ್ನಲ್. ತಂತಿ ಎಳೆಯಲಾಗದ ಮನೆಗೆ ಅದು ಒಳ್ಳೆಯದೇ. ಆದರೆ ತಗಡು ಹೊದಿಸಿದ ಲೈನ್ ಮನೆಗಳಲ್ಲಿ ಒಳಗಿಡುವ ಡಬ್ಬಕ್ಕೆ ಸಿಗ್ನಲ್ ಕುಂದುತ್ತದೆ, ಆ್ಯಂಟೆನಾ ಹೊರಗೇ ಬೇಕು.

ದುಡ್ಡು ಮತ್ತು ಕಾಗದ

ಟೆಲಿಫೋನ್, ಮೊಬೈಲ್ ಸೇವೆಯಲ್ಲಿ ಒಂದು ಪ್ಲಾನ್‌ಗೆ ಸೇರಿದ ದಿನದಿಂದ ಆರು ತಿಂಗಳು ದರ ಏರಿಸುವಂತಿಲ್ಲ, ಹೆಚ್ಚಿನ ಅವಧಿಗೆ ಮುಂಗಡ ಪಡೆದಿದ್ದರೆ ಆ ಅವಧಿ ಮುಗಿಯುವವರೆಗೆ ಏರಿಸುವಂತಿಲ್ಲ ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ನಿಯಮ ಮಾಡಿದೆ. ಸಣ್ಣ ಇಂಟರ್ನೆಟ್ ಕಂಪನಿಯ ಜೊತೆ ಮಾತಾಡುವಾಗಲೂ ನ್ಯಾಯದ ಅಳತೆಗೋಲಾಗಿ ಇದನ್ನು ಮುಂದಿಡಬಹುದು. ದುಡ್ಡು ಪಡೆದ ಮೇಲೆ ಆ ಅವಧಿಯ ಸೇವೆ ಕೊಡಬೇಕು, ಇಲ್ಲವೇ ಉಳಿದದ್ದನ್ನು ಹಿಂದಿರುಗಿಸಬೇಕು. ಹಾಗೆ ಮಾಡದಿದ್ದರೆ ಗ್ರಾಹಕ ಕಾನೂನು ಅದನ್ನು ಸೇವಾ ನ್ಯೂನತೆ ಎನ್ನುತ್ತದೆ.

ಹಾಗಾಗಿ ‘ಸರಿ, ಹಾಕಿ’ ಎನ್ನುವ ಬದಲು ಹೀಗೆ ಬರೆಯಿರಿ. ಸಂದೇಶ ಬಂದ ವಾಟ್ಸ್‌ಆ್ಯಪ್ ನಂಬರಿಗೆ, ಜೊತೆಗೆ ಬಿಲ್ಲಿನಲ್ಲಿರುವ ಕಂಪನಿಯ ಇಮೇಲಿಗೆ:

‘ನನ್ನ ಗ್ರಾಹಕ ಸಂಖ್ಯೆ ____. ____ರಂದು ____ ರೂಪಾಯಿ ಕಟ್ಟಿದ್ದೇನೆ, ಅವಧಿ ____ವರೆಗೆ ಇದೆ. ಪ್ಲಾನ್ ನಿಲ್ಲಿಸುವ ಬಗ್ಗೆ ನಿಮ್ಮ ಸಂದೇಶ ____ರಂದು ಬಂದಿದೆ. ಹೊಸ ಪ್ಲಾನ್‌ಗೆ ನಾನು ಇನ್ನೂ ಒಪ್ಪಿಗೆ ಕೊಟ್ಟಿಲ್ಲ. ನಿಲ್ಲಿಸಲು ಕಾರಣ, ಜಿಎಸ್‌ಟಿ ಸೇರಿಸಿದ ಹೊಸ ದರಗಳ ಪೂರ್ತಿ ಪಟ್ಟಿ, ಡಬ್ಬ ಮತ್ತು ಅಳವಡಿಕೆಯ ಖರ್ಚು ಯಾರದು ಎಂಬುದನ್ನು ಬರಹದಲ್ಲಿ ತಿಳಿಸಿ. ಕಟ್ಟಿದ ಅವಧಿ ಮುಗಿಯುವವರೆಗೆ ಈಗಿನ ಸೇವೆ ಮುಂದುವರಿಸಿ. ಆಗದಿದ್ದರೆ ಉಳಿದ ದಿನಗಳ ಹಣವನ್ನೂ ಠೇವಣಿಯನ್ನೂ ನನ್ನ ಖಾತೆಗೆ ಹಿಂದಿರುಗಿಸಿ.’

ಕನ್ನಡದಲ್ಲೇ ಬರೆಯಬಹುದು. ಫೋನಿನಲ್ಲಿ ಏನೇ ಮಾತಾದರೂ ಕೊನೆಗೆ ‘ನೀವು ಈಗ ಹೇಳಿದ್ದು ಇದು’ ಎಂದು ಎರಡು ಸಾಲು ಬರೆದು ಕಳಿಸಿ. ಬೀದಿಯವರೆಲ್ಲ ಸೇರಿ ಒಂದೇ ಕಾಗದಕ್ಕೆ ಸಹಿ ಹಾಕಿದರಂತೂ ಮಾತಿಗೆ ತೂಕ ಬರುತ್ತದೆ. ದೊಡ್ಡ ಕಂಪನಿಗೆ ಇಪ್ಪತ್ತು ಮನೆ ಲೆಕ್ಕಕ್ಕಿಲ್ಲ. ಆದರೆ ಇಲ್ಲೇ ರಾಬರ್ಟ್‌ಸನ್‌ಪೇಟೆಯಲ್ಲಿ ಕಚೇರಿ ಇಟ್ಟುಕೊಂಡವರಿಗೆ ಒಂದು ಬೀದಿ ಎಂದರೆ ಅರ್ಧ ತಿಂಗಳ ಬಾಡಿಗೆ. ಸಣ್ಣವರು ಮುಚ್ಚಿಹೋಗಲಿ ಎಂದು ನಾನು ಬಯಸುವವನಲ್ಲ. ರಾತ್ರಿ ಹತ್ತಕ್ಕೆ ತಂತಿ ಹರಿದರೆ ಏಣಿ ಹೊತ್ತುಕೊಂಡು ಬರುವವರು ಅವರೇ. ಅದಕ್ಕೇ ಮೊದಲ ಮಾತು ಅವರ ಜೊತೆ, ಮುಖತಃ ಆಗಲಿ. ದೂರು ಆಮೇಲೆ.

ದೂರು ಕೊಡುವುದೇ ಆದರೆ ಮೊದಲು ಕಂಪನಿಯ ಗ್ರಾಹಕ ಸೇವಾ ಕೇಂದ್ರಕ್ಕೆ. ಅಲ್ಲಿ ಕೊಡುವ ಡಾಕೆಟ್ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ದೊಡ್ಡ ಕಂಪನಿಗಳಲ್ಲಿ ಅದರ ಮೇಲೆ ಮೇಲ್ಮನವಿ ಪ್ರಾಧಿಕಾರ ಇರುತ್ತದೆ. 30 ದಿನದೊಳಗೆ ಅಲ್ಲಿಗೆ ಹೋಗಬೇಕು, ಅವರು 39 ದಿನದೊಳಗೆ ತೀರ್ಮಾನಿಸಬೇಕು. ಟ್ರಾಯ್‌ಗೆ ನೇರವಾಗಿ ಬರೆಯುವವರು ಬಹಳ. ಟ್ರಾಯ್ ಒಬ್ಬೊಬ್ಬರ ದೂರನ್ನು ವಿಚಾರಿಸುವುದಿಲ್ಲ, ಕಂಪನಿಗೇ ದಾಟಿಸುತ್ತದೆ. ಅದಕ್ಕಿಂತ 1915ಕ್ಕೆ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಫೋನ್ ಮಾಡುವುದು ಹೆಚ್ಚು ಫಲ ಕೊಡುತ್ತದೆ. ಕನ್ನಡದಲ್ಲೂ ಮಾತಾಡಬಹುದು.

ಅಲ್ಲೂ ಬಗೆಹರಿಯದಿದ್ದರೆ ಕೋಲಾರದ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗ. ಟೆಲಿಕಾಂ ವಿಷಯ ಗ್ರಾಹಕ ಆಯೋಗಕ್ಕೆ ಬರುವುದಿಲ್ಲ ಎಂದು ಹಿಂದೆ ಕಂಪನಿಗಳು ವಾದಿಸುತ್ತಿದ್ದವು. 2009ರ ಒಂದು ತೀರ್ಪೂ ಅವರ ಕಡೆಗಿತ್ತು. 2022ರ ಫೆಬ್ರವರಿಯಲ್ಲಿ ವೊಡಾಫೋನ್ ಐಡಿಯಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ಅಡ್ಡಿಯನ್ನು ತೆಗೆದುಹಾಕಿತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಕಂಪನಿಯ ಕಚೇರಿ ಬೆಂಗಳೂರಿನಲ್ಲಿದ್ದರೂ ನಾವು ವಾಸವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಐದು ಲಕ್ಷದೊಳಗಿನ ವ್ಯವಹಾರಕ್ಕೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ಆನ್‌ಲೈನಿನಲ್ಲೂ ಸಲ್ಲಿಸಬಹುದು. ತೊಂದರೆಯಾದ ದಿನದಿಂದ ಎರಡು ವರ್ಷ ಗಡುವು. ಆರುನೂರು ರೂಪಾಯಿಗೆ ಕೋಲಾರಕ್ಕೆ ಓಡಾಡುವುದು ಬೇಕೇ ಎನ್ನುವವರಿದ್ದಾರೆ. ಅವರ ಮಾತು ಒಪ್ಪುವಂಥದೇ. ಆದರೆ ಆಯೋಗಕ್ಕೆ ಹೋಗುವ ಮುಂಚೆ ಕಳಿಸುವ ಒಂದು ನೋಟಿಸಿಗೇ ಬಹಳ ಕಂಪನಿಗಳು ಉಳಿದ ಹಣ ಮರಳಿಸುತ್ತವೆ.

ಹೊಸ ಲೈನ್ ಬಂದ ದಿನ

ಹಾಕಲು ಬಂದವರನ್ನು ಬೇಗ ಕಳಿಸಬೇಡಿ. ಅವರ ಕೈಯಲ್ಲಿರುವ ಮೀಟರಿನಲ್ಲಿ ಬೆಳಕಿನ ಬಲ ಎಷ್ಟು ತೋರಿಸುತ್ತಿದೆ ಎಂದು ಕೇಳಿ. ಮೈನಸ್ 15ರಿಂದ ಮೈನಸ್ 25ರ ನಡುವೆ ಇದ್ದರೆ ಚೆನ್ನ. ಮೈನಸ್ 27 ಮುಟ್ಟಿದ್ದರೆ ಎಲ್ಲೋ ಜೋಡಣೆ ಸರಿಯಿಲ್ಲ, ಅವತ್ತೇ ಸರಿಮಾಡಿಸಿ. ಫೈಬರನ್ನು ಮೊಳೆ ಹೊಡೆದು ಬಿಗಿಯಬಾರದು, ಬೀರುವಿನ ಹಿಂದೆ ಮಡಚಿ ತಳ್ಳಬಾರದು. ಕಡಿದಾಗಿ ಬಾಗಿದ ಕಡೆ ಬೆಳಕು ಸೋರುತ್ತದೆ. ಡಬ್ಬದಲ್ಲಿ ‘ಲಾಸ್’ ಎಂಬ ಕೆಂಪು ದೀಪ ಹತ್ತಿದರೆ ತೊಂದರೆ ತಂತಿಯಲ್ಲಿದೆ, ನಿಮ್ಮ ಮೊಬೈಲಿನಲ್ಲೋ ವೈಫೈನಲ್ಲೋ ಅಲ್ಲ. ಫೋನ್ ಮಾಡಿ ಇಷ್ಟು ಹೇಳಿದರೆ ‘ರೂಟರ್ ಆಫ್ ಮಾಡಿ ಆನ್ ಮಾಡಿ’ ಎಂಬ ಮಾತು ತಪ್ಪುತ್ತದೆ.

ಸಾಧ್ಯವಾದರೆ ಹಳೆಯ ಲೈನನ್ನೂ ಒಂದು ವಾರ ಇಟ್ಟುಕೊಳ್ಳಿ. ಆ ವಾರದಲ್ಲಿ ಒಂದು ಸಲವಾದರೂ ಕರೆಂಟು ಹೋಗುತ್ತದೆ, ಎಲ್ಲರೂ ಮನೆಯಲ್ಲಿರುವ ಒಂದು ಭಾನುವಾರದ ಸಂಜೆಯೂ ಸಿಗುತ್ತದೆ; ಹೊಸ ಲೈನ್ ಎರಡನ್ನೂ ತಡೆಯುತ್ತದೆಯೇ ನೋಡಿ. ಆಮೇಲೆ ಹಳೆಯ ಮೋಡೆಮ್ ಹಿಂದಿರುಗಿಸುವಾಗ ಅದರ ಬೆನ್ನಿನ ಸೀರಿಯಲ್ ನಂಬರ್ ಕಾಣುವಂತೆ ಒಂದು ಫೋಟೊ ತೆಗೆದಿಟ್ಟುಕೊಂಡು, ತೆಗೆದುಕೊಂಡು ಹೋಗುವವರಿಂದ ತಾರೀಖು ಹಾಕಿಸಿ ಸಹಿ ಪಡೆಯಿರಿ. ಠೇವಣಿ ಖಾತೆಗೆ ಬೀಳುವ ತನಕ ಆ ಕಾಗದ ಬಿಲ್ಲಿನ ಜೊತೆಯೇ ಇರಲಿ.